ಆಕಾಶದ ಕಣ್ಣಿಗೆ ಕಾಣದ ಮನೆ

ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಒಂದು ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬಳೇ ಓದಿ ಮುಗಿಸಿದೆ. ಈ ಮಾತನ್ನು ಇಡಗುಂದಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ, ಹಾಲು ಹಾಕುವಲ್ಲಿ ಹೇಳಿದ್ದೇನೆ, ರಕ್ತ ತೆಗೆಯಲು ಸೂಜಿ ಹಿಡಿದು ನಿಂತ ಹುಡುಗಿಗೂ ಹೇಳಿದ್ದೇನೆ. ಇಲ್ಲಿ ಇನ್ನೊಮ್ಮೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಶಾಲೆಗೆ ಹೋದದ್ದು ಎರಡನೆಯ ಇಯತ್ತೆಯವರೆಗೆ. ಆಮೇಲೆ ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಜನ ಬೇಕಾಯಿತು. ಕಲಿತ ಅಕ್ಷರಗಳಲ್ಲಿ ಅರ್ಧ ಮರೆತುಹೋಗಿ, ಉಳಿದವು ಬಸ್ಸಿನ ಬೋರ್ಡು ಓದಲಿಕ್ಕೆ ಸಾಕಾಗುತ್ತಿದ್ದವು.

ಓದಿಗೆ ಕಾರಣ ಮುರಿದ ಕೈ. ಸೊಪ್ಪಿನ ಹೊರೆ ಹೊತ್ತು ಬರುವಾಗ ಜಾರಿ ಎಡಗೈ ಮುರಿದುಕೊಂಡೆ. ಯಲ್ಲಾಪುರದಲ್ಲಿ ಪ್ಲಾಸ್ಟರು ಹಾಕಿ, ಎರಡು ತಿಂಗಳು ಯಾವ ಕೆಲಸವನ್ನೂ ಮುಟ್ಟಬಾರದು ಎಂದರು. ಕೂತು ಕೂತು ಸೊಸೆಯ ಅಡಿಗೆಯಲ್ಲಿ ತಪ್ಪು ಹುಡುಕಲು ಶುರುಮಾಡಿದ್ದೆ. ಒಂಬತ್ತನೆಯ ತರಗತಿಯ ಮೊಮ್ಮಗಳು ಇದನ್ನು ನೋಡಿ, ಅಮ್ಮನನ್ನು ಉಳಿಸಲಿಕ್ಕೋ ಏನೋ, ದಿನವೂ ಸಂಜೆ ನನ್ನ ಮುಂದೆ ಪಾಟಿ ಇಟ್ಟಳು. ಒತ್ತಕ್ಷರಗಳು ನನ್ನ ಜೀವ ತಿಂದವು. ಅವಳು ಒಂದು ದಿನವೂ ಸಿಟ್ಟು ಮಾಡಲಿಲ್ಲ. ಅಕ್ಷರ ಕೂಡಿಬರುವ ಹೊತ್ತಿಗೆ ಅವಳ ಶಾಲೆಯ ಅಕ್ಕೋರು ಒಂದು ಪುಸ್ತಕ ಕೊಟ್ಟು ಕಳಿಸಿದರು. ಕನ್ನಡ ಕಲಿಸುವ ಈ ಅಕ್ಕೋರಿಗೆ ವಿಜ್ಞಾನದ ಕಾದಂಬರಿಗಳೆಂದರೆ ಪ್ರಾಣವಂತೆ. ಪುಸ್ತಕದ ಹೊದಿಕೆ ಹರಿದುಹೋಗಿತ್ತು, ಹೆಸರಿಲ್ಲ, ಬರೆದವರು ಯಾರೆಂದೂ ಇಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದ ಕಾಲದಲ್ಲಿ ಅಚ್ಚಾದದ್ದು ಎಂದು ಮಾತ್ರ ಗೊತ್ತಿತ್ತು.

ಕತೆ ನಡೆಯುವುದು ಒಂದು ದೇಶದಲ್ಲಿ. ಅಲ್ಲಿ ಬೆಳಿಗ್ಗೆ ಇದ್ದ ಅಕ್ಕಿಯ ದರ ಸಂಜೆಗೆ ಇರುವುದಿಲ್ಲ, ಅದಕ್ಕೇ ಅಂಗಡಿಯವರು ದರವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಓದಿದ ಹುಡುಗರು ಕಂಡವರ ಮನೆಗೆ ಪೊಟ್ಟಣ ಹೊತ್ತುಕೊಂಡು ತಿರುಗುತ್ತಾರೆ. ಓಟು ನಡೆಯುತ್ತದೆ, ಆದರೆ ಗೆದ್ದವರು ಊಟದ ನಡುವೆ ಎದ್ದು ಎದುರು ಪಂಕ್ತಿಗೆ ಹೋಗಿ ಕೂರುತ್ತಾರೆ. ಒಂದೊಂದೇ ಊರಿಗೆ ಬಸ್ಸು ನಿಲ್ಲುತ್ತದೆ. ಈ ಎಲ್ಲದರ ಮೇಲೆ ಆಕಾಶದಲ್ಲಿ ಒಂದು ಕಣ್ಣು. ಆ ಕಣ್ಣಿಗೆ ಕಾಣದ್ದು ಯಾವುದೂ ಇಲ್ಲ, ಒಲೆಯ ಮೇಲೆ ಕುದಿಯುವ ಗಂಜಿ ಕೂಡ. ಗಡಿಯಾರ ರಿಪೇರಿ ಮಾಡುವ ಒಬ್ಬ ಆ ಕಣ್ಣಿನಿಂದ ತಪ್ಪಿಸಿಕೊಳ್ಳಲು ದೇಶವೆಲ್ಲ ಓಡುತ್ತಾನೆ.

ಇದು ಆಗಿಹೋದ ಸಂಗತಿ ಎಂದೇ ನಾನು ತಿಳಿದುಕೊಂಡಿದ್ದೆ. ನಮ್ಮ ಮಧ್ಯಾಹ್ನದ ಬಸ್ಸು ನಿಂತು ಆಗಲೇ ಬಹಳ ದಿನವಾಗಿತ್ತು. ಡಿಗ್ರಿ ಮಾಡಿದ ನನ್ನ ಅಕ್ಕನ ಮೊಮ್ಮಗ ಹುಬ್ಬಳ್ಳಿಯಲ್ಲಿ ಪೊಟ್ಟಣ ಹೊರುತ್ತಿದ್ದ. ಟೀವಿಯಲ್ಲಿ ಪಂಕ್ತಿ ಬದಲಿಸುವವರನ್ನು ದಿನವೂ ನೋಡುತ್ತಿದ್ದೆವು. ಹಾಗಾಗಿ ಮೊಮ್ಮಗಳ ಹತ್ತಿರ ಕೇಳಿದೆ, "ಇದನ್ನ ಬರದವ್ರು ನಮ್ಮ ಬದಿಯವ್ರೇ ಏನೇ?"

ಅವಳು ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಇದು ಆಗಿದ್ದಲ್ಲ ಮಾರಾಯ್ತಿ, ಮುಂದೆ ಆಗೂದು ಅಂತ ಬರದದ್ದು."

"ಮುಂದೆ ಅಂದ್ರೆ ಯಾವಾಗ?"

ಮರುದಿನ ಅವಳು ಈ ಪ್ರಶ್ನೆಯನ್ನು ಅಕ್ಕೋರಿಗೆ ಒಪ್ಪಿಸಿದ್ದಾಳೆ. ಅಕ್ಕೋರಿಗೆ ಎಷ್ಟು ಖುಷಿಯಾಯಿತೆಂದರೆ ಇನ್ನೆರಡು ಪುಸ್ತಕ ಕಳಿಸಿದರು. ಒಂದರಲ್ಲಿ ಉಳ್ಳವರೆಲ್ಲ ಚಂದ್ರನಿಗೆ ಹೋಗಿ, ಉಳಿದವರನ್ನು ಭೂಮಿಯ ಕಸ ಗುಡಿಸಲು ಬಿಡುತ್ತಾರೆ. ಇನ್ನೊಂದರಲ್ಲಿ ನ್ಯಾಯ ಹೇಳುವುದೂ ಯಂತ್ರವೇ. ಅದಕ್ಕೆ ಕಾಗದ ತೋರಿಸಿದವ ಗೆದ್ದ, ಬಾಯಲ್ಲಿ ಹೇಳಿದವ ಸೋತ. ಮೂರನ್ನೂ ಓದಿದೆ. ನನ್ನ ಸಂತೋಷಕ್ಕೆ ಮಿತಿಯೇ ಇರಲಿಲ್ಲ ಎಂದರೆ ನೀವು ನಂಬಬೇಕು. ದೇಶ ಹಾಳಾಗುವ ಕತೆಯನ್ನು ನಾನು ಹಲಸಿನ ಮರದ ಕೆಳಗೆ ಕೂತು, ತಿಂಡಿ ತಿಂದ ಹಾಗೆ ಓದಿದ್ದೇನೆ. ಹಾಳಾಗುವುದರ ನಡುವೆ ಕೂತಿದ್ದೇನೆ ಎಂಬುದು ಓದುವಾಗ ನೆನಪಿಗೇ ಬರಲಿಲ್ಲ.

ನಮ್ಮ ಮನೆಯ ಸಂಗತಿ ಹೇಳಬೇಕು. ನಮ್ಮ ಮಾವ ಮರ ಕಡಿಯುವ ಕೆಲಸಕ್ಕೆ ಬಂದವರು. ಕಾಡಿನಲ್ಲಿ ಗುರುತು ಹಾಕಿ ಮರ ಕಡಿಸುವ ಕೂಪು ನಡೆಯುತ್ತಿದ್ದ ಕಾಲ, ಸರಕಾರಕ್ಕೇ ಮರ ಕಡಿದುಕೊಡುತ್ತಿದ್ದರು. ಕೆಲಸದವರು ಹತ್ತಿರವೇ ಇರಲಿ ಎಂದು ಆಗಿನ ಸಾಹೇಬರೇ ಜಾಗ ತೋರಿಸಿ ಕೂರಿಸಿದ್ದು. ಬಾಯಲ್ಲಿ ತೋರಿಸಿದ ಜಾಗ, ಕಾಗದ ಇಲ್ಲ. ಮನೆ ಕಟ್ಟಿ, ಕೆಳಗೆ ಒಂದು ತುಂಡು ಗದ್ದೆ ಮಾಡಿದರು. ದಿನವಿಡೀ ಮರ ಕಡಿಯುತ್ತಿದ್ದ ಮನುಷ್ಯನಿಗೆ ಮನೆಯ ಸುತ್ತ ಒಂದು ಗಿಡ ಕಡಿದರೂ ಆಗುತ್ತಿರಲಿಲ್ಲ. ಹಲಸು ನೆಟ್ಟರು, ಅಪ್ಪೆಮಾವು ನೆಟ್ಟರು. ನಾನು ಬಂದ ಮೇಲೆ ಮುರುಗಲು ನೆಟ್ಟೆ, ಅದರ ಹಣ್ಣಿನ ಶರಬತ್ತು ಕುಡಿಯದ ನೆಂಟರಿಲ್ಲ. ಈಗ ನಮ್ಮ ಹೆಂಚಿನ ಮೇಲೆ ಬಿಸಿಲು ಬೀಳುವುದು ಮಧ್ಯಾಹ್ನ ಒಂದು ಗಳಿಗೆ, ಅದೂ ಅಲ್ಲಲ್ಲಿ.

ಕಾಡಿನ ಜಾಗದಲ್ಲಿ ಇರುವವರಿಗೆ ಹಕ್ಕುಪತ್ರ ಕೊಡುತ್ತಾರೆ ಎಂದಾಗ ಎಲ್ಲರ ಜೊತೆ ನಾವೂ ಅರ್ಜಿ ಹಾಕಿದೆವು. ಆಗಲೇ ನಮ್ಮನೆಯವರು ತೀರಿಕೊಂಡಿದ್ದರು, ಅರ್ಜಿ ನನ್ನ ಹೆಸರಿನಲ್ಲಿ ಹೋಯಿತು. ವರ್ಷಗಳು ಕಳೆದವು. ನನ್ನ ಪ್ಲಾಸ್ಟರು ಬಿಚ್ಚಿದ ತಿಂಗಳಲ್ಲೇ ಶಿರಸಿಯ ಕಚೇರಿಯಲ್ಲಿ ವಿಚಾರಣೆಗೆ ಬನ್ನಿ ಎಂದು ಕರೆ ಬಂತು. ಹಕ್ಕುಪತ್ರ ಸಿಕ್ಕರೆ ಮನೆ ನಮ್ಮದು, ಸಿಗದಿದ್ದರೆ ಯಾವ ದಿನ ಬೇಕಾದರೂ ಏಳಿ ಎನ್ನಬಹುದು.

ಮಗ ಇಸಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ. ಅಲ್ಲಿ ಹೊಸ ಮನೆಗಳು ಏಳುತ್ತಲೇ ಇವೆ. ವಾರವೆಲ್ಲ ಅಲ್ಲೇ ಇದ್ದು, ಕಾಗದ ಸರಿ ಇದ್ದವರ ಮನೆ ಕಟ್ಟಿ, ಭಾನುವಾರ ನಮ್ಮಲ್ಲಿಗೆ ಬರುತ್ತಾನೆ. ವಿಚಾರಣೆಯ ದಿನ ಕೈಗೆ ಹತ್ತಿದ ಸಿಮೆಂಟಿನಲ್ಲೇ ಕಚೇರಿಗೆ ಬಂದ. ಒಳಗಿದ್ದ ಅಧಿಕಾರಿ ಚಿಕ್ಕ ಪ್ರಾಯದವರು, ಒಳ್ಳೆಯ ಮಾತಿನವರು, ನನಗೆ ಕುರ್ಚಿ ಕೊಡಿಸಿದರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ಇದು ಉಪಗ್ರಹ ತೆಗೆದ ಹಳೆಯ ಚಿತ್ರ, ಮನೆ ಆಗಲೇ ಇತ್ತೇ ಎಂದು ಇದರಲ್ಲಿ ನೋಡುತ್ತೇವೆ, ನಿಮ್ಮ ಜಾಗ ಇಲ್ಲಿ ಬರುತ್ತದೆ ಎಂದರು.

ಪುಸ್ತಕದಲ್ಲಿ ಓದಿದ್ದ ಕಣ್ಣು ಎದುರಿಗೇ ಇತ್ತು. ಇನ್ನು ಚಿಂತೆಯಿಲ್ಲ, ಕುದಿಯುವ ಗಂಜಿ ಕಾಣುವ ಕಣ್ಣಿಗೆ ನಮ್ಮ ಮನೆ ಕಾಣದೆ ಇರುತ್ತದೆಯೇ ಎಂದುಕೊಂಡು, ಬಾಗಿ ಹುಡುಕಿದೆ. ಬರೀ ಹಸಿರು.

"ಮನೆ ಎಲ್ಲಿ?" ಎಂದೆ.

"ಅದನ್ನೇ ನಾನೂ ಕೇಳೋದು ಅಮ್ಮ. ಇಲ್ಲಿ ಕಾಡು ಬಿಟ್ಟು ಬೇರೆ ಏನೂ ಇಲ್ಲ."

"ಆ ಹಸಿರಿನ ಅಡಿಗೇ ನಮ್ಮ ಒಲೆ ಇರೂದು."

"ಅಡಿಗೆ ಇದ್ದದ್ದು ಚಿತ್ರದಲ್ಲಿ ಬರೋದಿಲ್ಲ ಅಮ್ಮ."

ನಮ್ಮ ಪಕ್ಕದ ಜಾಗ ಚಿತ್ರದಲ್ಲಿ ಬೋಳು ತಲೆಯ ಹಾಗೆ ಹೊಳೆಯುತ್ತಿತ್ತು. ಆ ಮನೆಯವನು ಶುಂಠಿ ಹಾಕಲು ಒಂದು ಗಿಡ ಬಿಡದೆ ಕಡಿದಿದ್ದ. ಅವನ ಮಾಡು, ಅಂಗಳ, ಬೇಲಿ ಎಲ್ಲ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಅವನ ಅರ್ಜಿ ಮಂಜೂರಾಗಿಬಿಟ್ಟಿತ್ತು. ನಾವು ಅವನಿಗಿಂತ ಒಂದು ತಲೆಮಾರು ಮೊದಲು ಬಂದವರು.

ಹೊರಗೆ ಬಂದ ಮೇಲೆ ಮಗ ಕೈಗೆ ಹತ್ತಿದ ಸಿಮೆಂಟನ್ನು ಉಜ್ಜಿ ಉದುರಿಸಿದ. ಆಮೇಲೆ, ನಾಡಿದ್ದೇ ಕೊಡಲಿ ತರುತ್ತೇನೆ, ಮನೆ ಮೇಲಿನ ಕೊಂಬೆಯನ್ನಾದರೂ ಇಳಿಸುತ್ತೇನೆ ಎಂದ. ಚಿತ್ರ ಹಳೆಯದು, ಈಗ ಕಡಿದರೆ ಅದರಲ್ಲಿ ಬರುವುದಿಲ್ಲ ಎಂದು ನಾನೇ ತಿಳಿಸಿ ಹೇಳಬೇಕಾಯಿತು. ಅಷ್ಟೇ ಅಲ್ಲ, ಈಗ ಕಡಿದರೆ ಕೇಸು. ಅಂದು ಕಡಿದವ ರೈತ, ಇಂದು ಕಡಿದವ ಕಳ್ಳ.

"ಅಜ್ಜ ಒಬ್ಬ ಕಡಿದಿದ್ರೆ ಆಗ್ತಿತ್ತು ಅವ್ವ," ಎಂದ ಮಗ. ಸತ್ತವರನ್ನು ಬೈದು ಅವನಿಗೆ ಅಭ್ಯಾಸವಿಲ್ಲ. ಬೈಕು ಹತ್ತಿ ಇಸಳೂರಿಗೆ ಹೋದ.

ಒಂದು ತಿಂಗಳ ಮೇಲೆ ಅಂಚೆಯಲ್ಲಿ ನೋಟೀಸು ಬಂತು. ಮನೆಯಲ್ಲಿ ಎಲ್ಲರೂ ಇದ್ದ ಭಾನುವಾರ ಅದನ್ನು ಬಿಚ್ಚಿದೆವು. ಮೊಮ್ಮಗಳು ಕೈ ಚಾಚಿದಳು, ನಾನು ಕೊಡಲಿಲ್ಲ. ನನ್ನ ಹೆಸರಿಗೆ ಬಂದ ಸರಕಾರಿ ಕಾಗದವನ್ನು ನಾನೇ ಓದುವುದು ಇದೇ ಮೊದಲು, ಬಿಟ್ಟುಕೊಡುತ್ತೇನೆಯೇ. ಗಟ್ಟಿಯಾಗಿ ಓದಿದೆ. 'ಸದರಿ ಸ್ಥಳದಲ್ಲಿ ವಾಸ್ತವ್ಯದ ಯಾವುದೇ ಕುರುಹು ಕಂಡುಬಂದಿರುವುದಿಲ್ಲವಾದ್ದರಿಂದ' ಎಂಬ ಒಂದು ಮಾರು ಉದ್ದದ ಸಾಲನ್ನು ಉಸಿರು ತೆಗೆಯದೆ ದಾಟಿದೆ. ಮುಂದೆ 'ತಿರಸ್ಕರಿಸಲಾಗಿದೆ' ಎಂದಿತ್ತು. ಆ ಸ್ಕ ಒತ್ತಿನಲ್ಲಿ ಒಮ್ಮೆ ಎಡವಿ, ಮತ್ತೆ ಸರಿಯಾಗಿ ಓದಿ, ನೋಡಿದಿರಾ ಎಂದು ತಲೆ ಎತ್ತಿದೆ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಸೊಸೆ ಒಳಗೆ ಎದ್ದುಹೋದಳು. ಓದಿದ್ದು ಏನೆಂದು ನನಗೆ ಆಗ ತಲೆಗೆ ಹತ್ತಿತು.

ಮನೆಯೇ ಇಲ್ಲ ಎಂಬ ಕಾಗದವನ್ನು ಪೋಸ್ಟಿನವನು ಮನೆಯ ಬಾಗಿಲಿಗೇ ತಂದುಕೊಟ್ಟು, ಶರಬತ್ತು ಕುಡಿದು ಹೋಗಿದ್ದ.

ಅಕ್ಕೋರು ನೋಡಲು ಬಂದರು. ಪಾಪ, ಸಮಾಧಾನ ಮಾಡಲಿಕ್ಕೆ ಬಂದು ಪುಸ್ತಕದ ಮಾತೇ ಎತ್ತಿದರು. ಆ ಲೇಖಕರಿಗೆ ಎಲ್ಲ ಮೊದಲೇ ಕಂಡಿತ್ತು, ಎಂಥ ದೂರದೃಷ್ಟಿ ನೋಡಿ ಎಂದರು. ಅಲ್ಲ ಎಂದೆ ನಾನು. ಎರಡನೆಯ ಇಯತ್ತೆಯವಳು ಅಕ್ಕೋರಿಗೆ ಎದುರು ಮಾತಾಡಿದೆ. ಬರೆದವರು ದರದ ಮಾತು ಸರಿ ಹೇಳಿದರು, ಬಸ್ಸಿನ ಮಾತು ಸರಿ ಹೇಳಿದರು. ಕಣ್ಣಿನ ವಿಷಯದಲ್ಲಿ ತಪ್ಪಿದರು. ದೇಶ ಹಾಳಾದಾಗ ದೊಡ್ಡವರು ನಮ್ಮನ್ನು ಬಿಡದೆ ನೋಡುತ್ತಾರೆ ಎಂದು ಹೆದರಿದ್ದಾರೆ. ಅಷ್ಟು ಮರ್ಯಾದೆ ನಮಗೆ ಎಲ್ಲಿಂದ ಬರಬೇಕು? ಗಡಿಯಾರದವನು ಮರದಡಿ ಅಡಗಲು ಓಡಿದ, ನಾವು ಮರದಡಿಯಿಂದ ಇಲ್ಲಿದ್ದೇವೆ ಎಂದು ಕೂಗುತ್ತಿದ್ದೇವೆ. ಅಕ್ಕೋರು ನೋಟೀಸನ್ನು ಕೇಳಿ ತೆಗೆದುಕೊಂಡು ಓದಿದರು. ಆಮೇಲೆ, ಮೇಲ್ಮನವಿ ಹಾಕಬಹುದು, ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ತೆಗೆದುಕೊಳ್ಳಬೇಕೆಂದು ನಿಯಮದಲ್ಲಿದೆ, ಬರೆಯಿರಿ ಎಂದರು.

ಹೇಳಿಕೆಯನ್ನು ನಾನೇ ಬರೆದೆ. ಮೊಮ್ಮಗಳು ಟೈಪು ಮಾಡಿಸೋಣ ಎಂದರೂ ಕೇಳಲಿಲ್ಲ. ಒಂದು ವಾರ ಹಿಡಿಯಿತು. ಯಾವ ಮರ ಯಾರು ನೆಟ್ಟದ್ದು, ನಾನು ಮದುವೆಯಾಗಿ ಬಂದಾಗ ಹಲಸು ಎಷ್ಟು ಎತ್ತರವಿತ್ತು, ಮಗ ಹೊಟ್ಟೆಯಲ್ಲಿದ್ದಾಗ ಮುರುಗಲು ಎಲ್ಲಿಂದ ತಂದೆ, ಯಾವ ಕೊಂಬೆಯ ಕೆಳಗೆ ನಮ್ಮ ಮಾವನ ಪ್ರಾಣ ಹೋಯಿತು, ಎಲ್ಲ ಬರೆದೆ. ಕಾಡು ಎಂದು ನೀವು ಹೇಳುವುದು ನಮ್ಮ ಮನೆಯವರ ಕೈಕೆಲಸ ಎಂದೂ ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ. ಆ ಸಹಿಯನ್ನು ನಾಲ್ಕು ದಿನ ಹಳೆಯ ನೋಟುಬುಕ್ಕಿನಲ್ಲಿ ತಿದ್ದಿದ್ದೆ.

ಮೊಮ್ಮಗಳನ್ನು ಕರೆದುಕೊಂಡು ಶಿರಸಿಗೆ ಹೋದೆ. ಕಿಟಕಿಯಲ್ಲಿ ಕಾಗದ ತೆಗೆದುಕೊಳ್ಳುವ ಗುಮಾಸ್ತ ಹಾವೇರಿ ಕಡೆಯವನು. ಹಳೆಯ ಕಡತ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ.

"ಇಲ್ಲಿ ಹೆಬ್ಬಟ್ಟ ಐತ್ರಿ, ಇಲ್ಲಿ ಸಹಿ ಐತಿ. ಇಬ್ಬರೂ ಬ್ಯಾರೆ ಬ್ಯಾರೆ ಮಂದಿ ಆಗ್ತೀರಿ."

ಆಗ ಬರುತ್ತಿರಲಿಲ್ಲ, ಈಗ ಕಲಿತಿದ್ದೇನೆ ಎಂದೆ. ಬೇಕಾದರೆ ಇಲ್ಲೇ ಬರೆದು ತೋರಿಸುತ್ತೇನೆ ಎಂದೆ. ನನ್ನ ಮಾತು ಅವನು ನಂಬದೆ ಇರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಕಡತದಲ್ಲಿ ನೀವು ಹೆಬ್ಬೆಟ್ಟಿನವರು, ಮೇಲಿನವರು ಇದೊಂದನ್ನೇ ಹಿಡಿದು ವಾಪಸು ಕಳಿಸಿದರೆ ಮೇಲ್ಮನವಿ ಹಾಕುವ ದಿನ ಮುಗಿದುಹೋಗುತ್ತದೆ ಎಂದ. ಮೊಮ್ಮಗಳು ಜಗಳಕ್ಕೆ ನಿಂತಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

ಅವನು ನನ್ನ ಸಹಿಯ ಮೇಲೆ ಒಂದು ಅಡ್ಡಗೆರೆ ಎಳೆದ. ಹೆಬ್ಬೆಟ್ಟಿನವರಿಗೆ ಕಾಗದ ಓದಿ ಹೇಳಬೇಕೆಂಬುದು ನಿಯಮವಂತೆ, ಹಾಗಾಗಿ ನಾನು ಬರೆದದ್ದನ್ನು ನನಗೇ ಓದಿ ಹೇಳಲು ಶುರುಮಾಡಿದ. ನನ್ನ ಅಕ್ಷರ ದಪ್ಪ, ಸಾಲು ಮೇಲೆ ಕೆಳಗೆ ಹೋಗುತ್ತದೆ. ಎರಡನೆಯ ಪುಟದಲ್ಲಿ ಸಿಕ್ಕಿಬಿದ್ದ.

"ಇದೇನ್ರಿ ಅಜ್ಜಿ, ಏನಂತ ಬರದೀರಿ?"

ಕಿಟಕಿಯೊಳಗೆ ಕುತ್ತಿಗೆ ಹಾಕಿ ಓದಿ ಹೇಳಿದೆ. ಮುಂದಿನ ಸಾಲೂ ಅವನಿಗೆ ಕೂಡಿಬರಲಿಲ್ಲ, ಅದನ್ನೂ ಓದಿದೆ. ಕೊನೆಗೆ ಅವನು ಕಾಗದವನ್ನು ನನ್ನ ಕಡೆ ತಿರುಗಿಸಿಬಿಟ್ಟ. ಉಳಿದ ಎರಡು ಪುಟವನ್ನು ನಾನೇ ಅವನಿಗೆ ಓದಿದೆ, ನನ್ನ ಹಿಂದಿನ ಸಾಲಿನವರೂ ಕೇಳಿದರು. ಮುಗಿದ ಮೇಲೆ ಅವನು ಕಾಗದ ತಿರುಗಿಸಿಕೊಂಡು ಅಡಿಯಲ್ಲಿ ಬರೆದ: 'ಮೇಲಿನ ಹೇಳಿಕೆಯನ್ನು ಅರ್ಜಿದಾರರಿಗೆ ಓದಿ ಹೇಳಲಾಗಿದ್ದು, ಸರಿಯಿದೆ ಎಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತಾರೆ.'

ಅವನ ಅಕ್ಷರ ಚೆನ್ನಾಗಿತ್ತು. ತಲೆಕೆಳಗಾಗಿದ್ದರೂ ಎಲ್ಲಿಯೂ ತಡೆಯದೆ ಓದಿಕೊಂಡು, ಶಾಯಿಯ ಪೆಟ್ಟಿಗೆಗೆ ಹೆಬ್ಬೆರಳು ಕೊಟ್ಟೆ.