ಕುದಿಯುವ ನೀರಿನ ಪ್ರಶ್ನೆ

ಮೊನ್ನೆ ದೊಡ್ಡಪ್ಪನ ಮನೆಗೆ ಹೊರಟಿದ್ದೆ. ಗಾವಡಗೆರೆ ದಾಟುವಾಗ ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ನುಗ್ಗಿತು. ಬೆಲ್ಲ ಕಾಸಿದಂಥ, ತುಸು ಗಂಟಲು ಹಿಡಿಯುವ ವಾಸನೆ. ಅದರ ಹಿಂದೆಯೇ ನಮ್ಮ ಮೇಡಂ ನೆನಪಾದರು...

ಆಗ ನಾನು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೆ. ಆ ಮಧ್ಯಾಹ್ನ ಕಂಪ್ಯೂಟರ್ ಲ್ಯಾಬಿನಲ್ಲಿ ಇದ್ದವರು ನಾನು, ಸಿ ಭಾಷೆ ಕಲಿಸುತ್ತಿದ್ದ ಮೇಡಂ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ದೊಡ್ಡಪ್ಪ. ಹಿಂದಿನ ವರ್ಷ, ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸಿ ಹದ ಮಾಡುವ ಅವರ ಬ್ಯಾರನ್ ಮನೆ ಕಾವು ಮೀರಿ ಸೂರಿನ ಸಮೇತ ಉರಿದುಹೋಗಿತ್ತು. ಹಾಗಾಗಿ ಕಾವು ನೂರ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಗಂಟೆ ಹೊಡೆಯುವ ಪುಟ್ಟ ಪೆಟ್ಟಿಗೆಯನ್ನೇ ನಾನು ಪ್ರಾಜೆಕ್ಟ್ ಮಾಡಿಕೊಂಡಿದ್ದೆ. ಮರುದಿನ ಹೊಸ ಬ್ಯಾರನ್ನಿಗೆ ಬೆಂಕಿ ಹಾಕುವುದಿತ್ತು. ದೊಡ್ಡಪ್ಪ ಪೆಟ್ಟಿಗೆ ಒಯ್ಯಲು ಬಂದಿದ್ದರು.

ಮೇಡಂ ಕೊಡಲಿಲ್ಲ. ಅವರದೊಂದು ಪದ್ಧತಿ. ಪ್ರತಿ ಫಂಕ್ಷನ್ನನ್ನೂ, ಅಂದರೆ ಪ್ರೋಗ್ರಾಮಿನೊಳಗೆ ಒಂದೊಂದು ಲೆಕ್ಕ ಮಾಡುವ ತುಣುಕನ್ನೂ, ಒಂಟಿಯಾಗಿ ನಿಲ್ಲಿಸಿ, ಅದಕ್ಕೆ ಪ್ರಶ್ನೆ ಕೇಳಲೆಂದೇ ಇನ್ನೊಂದು ಚಿಕ್ಕ ಪ್ರೋಗ್ರಾಂ ಬರೆಸುತ್ತಿದ್ದರು. ಉತ್ತರ ತಪ್ಪಿದರೆ ಆ ಚಿಕ್ಕ ಪ್ರೋಗ್ರಾಂ ಅಲ್ಲೇ ನಿಂತುಬಿಡಬೇಕು. ಸೆಲ್ಸಿಯಸ್ಸನ್ನು ಬ್ಯಾರನ್ನಿನವರ ಫ್ಯಾರನ್‌ಹೀಟಿಗೆ ತಿರುಗಿಸುವ ಫಂಕ್ಷನ್ನಿಗೆ ನಾನು ಬರೆದಿದ್ದುದು ಒಂದೇ ಪ್ರಶ್ನೆ: ಸೊನ್ನೆ ಕೊಟ್ಟರೆ ಮೂವತ್ತೆರಡು ಬರಬೇಕು. ಬಂದಿತ್ತು.

"ಐಸು ಸರಿ ಕಣಪ್ಪ. ಬ್ಯಾರನ್ನಲ್ಲಿ ಐಸ್ ಇಡ್ತಾರಾ? ಕುದಿಯೋ ನೀರು ಕೇಳು" ಎಂದರು ಮೇಡಂ.

ನೂರು ಕೊಟ್ಟೆ. ಇನ್ನೂರ ಹನ್ನೆರಡು ಬರಬೇಕಾದಲ್ಲಿ ನೂರ ಮೂವತ್ತೆರಡು ಬಂದು ಪ್ರೋಗ್ರಾಂ ನಿಂತಿತು. ಒಂಬತ್ತನ್ನು ಐದರಿಂದ ಭಾಗಿಸುವಾಗ ಸಿ ಭಾಷೆ ದಶಾಂಶವನ್ನು ಬಿಸಾಕಿ ಬರೀ ಒಂದನ್ನು ಇಟ್ಟುಕೊಂಡಿತ್ತು. ಸೊಪ್ಪು ಸೀದು ಕರಿಯಾದರೂ ಆ ಗಂಟೆ ಸುಮ್ಮನಿರುತ್ತಿತ್ತು.

"ನಮ್ಮನೆ ಅಂಡೆ ನೀರೇ ಇದ್ಕಿಂತ ಬಿಸಿ ಕಣ್ಲಾ" ಎಂದು ದೊಡ್ಡಪ್ಪ ನಕ್ಕರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡರು, ಮತ್ತೆ ನಗಲಿಲ್ಲ.

ಮೇಡಂ ಬೈಯಲಿಲ್ಲ. ಮೊದಲು ಗುಣಿಸಿ ಆಮೇಲೆ ಭಾಗಿಸು ಎಂದಷ್ಟೇ ಹೇಳಿ, ಪಿರಿಯಾಪಟ್ಟಣದ ತಮ್ಮ ಬಸ್ಸು ಬಿಟ್ಟು ಕೂತರು. ಗಂಟೆ ಹೊಡೆಯಬೇಕಾದ ಅಂಕಿ, ಅದರ ಆಚೆಯದು, ಈಚೆಯದು, ಎಲ್ಲವನ್ನೂ ಕೇಳಿಸಿದರು. ಎಲ್ಲಕ್ಕೂ ಸರಿ ಉತ್ತರ ಬಂದ ಮೇಲೆ ಪೆಟ್ಟಿಗೆಯನ್ನು ತಾವೇ ದೊಡ್ಡಪ್ಪನ ಕೈಗಿಟ್ಟರು.

ಆ ಸಲ ಗಂಟೆ ಹೊಡೆಯಿತು. ದೊಡ್ಡಪ್ಪ ಓಡಿ ಸೌದೆ ಎಳೆದರು. ಬ್ಯಾರನ್ ಉಳಿಯಿತು. ಅಂದಿನಿಂದ ಪ್ರತಿ ವರ್ಷ ಪೆಟ್ಟಿಗೆಯ ಕಾವು ಅಳೆಯುವ ವೈರನ್ನು ಬ್ಯಾರನ್ನಿಗೆ ಇಳಿಬಿಡುವ ಮೊದಲು ಅದರ ತುದಿಯನ್ನು ಕುದಿಯುವ ನೀರಿಗದ್ದಿ, ಗಂಟೆ ಕೇಳಿಯೇ ದೊಡ್ಡಪ್ಪನ ಮುಂದಿನ ಕೆಲಸ. "ಮೇಡಂ ಪ್ರಶ್ನೆ ಕೇಳ್ಬುಡನ, ತಡಿ" ಎನ್ನುತ್ತಿದ್ದರು... ನಾನು ಇವತ್ತಿಗೂ ಪ್ರೋಗ್ರಾಂ ಬರೆದು ಉಣ್ಣುತ್ತಿರುವುದು ಆ ಪ್ರಶ್ನೆಯ ಪುಣ್ಯದಿಂದಲೇ.

ಮೇಡಂ ತೀರಿಕೊಂಡ ಸುದ್ದಿಯನ್ನು ಮೊನ್ನೆ ನಾನೇ ದೊಡ್ಡಪ್ಪನಿಗೆ ತಿಳಿಸಿದೆ. ಅವರು ಎದ್ದು ಹೋಗಿ ಪೆಟ್ಟಿಗೆ ತಂದಿಟ್ಟು, ಒಲೆಯ ಮೇಲೆ ನೀರಿಟ್ಟರು.