ಹೊಳಿ ಬ್ಯಾರೆ, ಬಾಂವಿ ಬ್ಯಾರೆ

ಮೊನ್ನೆ ಅಥಣಿಯಿಂದ ದಿಗ್ಗೇವಾಡಿಗೆ ಬಸ್ಸಿನಲ್ಲಿ ಹೋಗುವಾಗ ಹಳ್ಳದ ಸೇತುವೆಯ ಮೇಲೆ ಆ ವಾಸನೆ ಬಂತು. ಕೊಳೆತ ಬೆಲ್ಲದ ವಾಸನೆ. ಎಲ್ಲರೂ ಸೆರಗು, ಕರ್ಚೀಫು ಹಿಡಿದು ಮೂಗು ಮುಚ್ಚಿಕೊಂಡರು. ಕಾರ್ಖಾನೆ ಸುರುವಾತು ಎಂದು ಯಾರೋ ಗೊಣಗಿದರು, ಅಷ್ಟೇ. ನನಗೆ ಆಯಿ ನೆನಪಾದಳು...

ನಾನು ದಿಗ್ಗೇವಾಡಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯಲ್ಲಿದ್ದ ಮುದುಕಿ, ಓಣಿಗೆಲ್ಲ ಆಯಿ. ಹೊಳೆಯ ದಂಡೆಗೆ ಹತ್ತಿರದ ಆಕೆಯ ಹಿತ್ತಲಲ್ಲಿ ಒಂದು ಬಾವಿ. ಗಂಡನ ಜೊತೆ ತಾನೂ ಮಣ್ಣು ಹೊತ್ತು ತೋಡಿದ್ದಂತೆ. ಆ ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು. ಓಣಿಯವರೆಲ್ಲ ಅಲ್ಲಿಂದಲೇ ಸೇದುತ್ತಿದ್ದೆವು. ಚಪ್ಪಲಿ ಹಾಕಿಕೊಂಡು ಕಟ್ಟೆ ಹತ್ತಿದರೆ ಮಾತ್ರ ಬೈಗುಳ.

ಹಳ್ಳದ ಮೇಲ್ಭಾಗದ ಸಕ್ಕರೆ ಕಾರ್ಖಾನೆಯ ಹೊಲಸು ನೀರು ಹಳ್ಳಕ್ಕೆ ಬಿದ್ದು, ಹಳ್ಳದಿಂದ ಹೊಳೆಗೆ ಸೇರುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅದು ಕಪ್ಪಗೆ ಮಡುಗಟ್ಟಿ ನಿಲ್ಲುತ್ತಿತ್ತು. ಒಂದು ವರ್ಷ ಸತ್ತ ಮೀನುಗಳು ತೇಲಿದವು. ಮುಂದಿನ ಬೇಸಿಗೆಗೆ ಆಯಿಯ ಬಾವಿಯ ನೀರೂ ತುಸು ಹಳದಿಯಾಯಿತು. ಚಹಾ ಉಪ್ಪುಪ್ಪು. ಬೇಳೆ ಎಷ್ಟು ಕುದಿಸಿದರೂ ಕಲ್ಲು.

ಹೇಳಿದರೆ ಆಯಿ ಕೇಳಬೇಕಲ್ಲ! ನನ್ನ ಬೇಳೆ ಹಳತು ಎಂದಳು. ನನಗೆ ಪಾತ್ರೆ ತೊಳೆಯಲು ಬರುವುದಿಲ್ಲ ಎಂದಳು. ನಿಂತ ನೀರು ನೆಲಕ್ಕೆ ಇಂಗುತ್ತದೆ, ನಾವು ಬಾವಿ ಬರಿದು ಮಾಡಿದಷ್ಟೂ ಅದು ಹೊಳೆಯ ನೀರನ್ನು ಒಳಗೆ ಜಗ್ಗುತ್ತದೆ ಎಂದು ನಾನು ತಲೆ ಚಚ್ಚಿಕೊಂಡು ಹೇಳಿದೆ.

"ಹೊಳಿ ಬ್ಯಾರೆ, ಬಾಂವಿ ಬ್ಯಾರೆ. ನಮ್ಮ ಮನಿಯವರು ತೋಡಿದ ನೀರು ಐತಿ ಇದು," ಎಂದಳು.

ನಾನು ಚಿಕ್ಕೋಡಿಯಲ್ಲಿ ನೀರಿನ ಪರೀಕ್ಷೆ ಮಾಡಿಸಿದೆ. ಕುಡಿಯಲು ಯೋಗ್ಯವಲ್ಲ ಎಂದು ಬಂತು. ಅಂದಿನಿಂದ ನಮ್ಮ ಮನೆಗೆ ಕ್ಯಾನಿನ ನೀರು ಕೊಂಡು ತರತೊಡಗಿದೆವು. ತನ್ನ ನೀರಿನ ಮರ್ಯಾದೆ ಕಳೆದೆ ಎಂದು ಆಯಿ ನನ್ನ ಜೊತೆ ಮಾತು ಬಿಟ್ಟಳು. ಬೇಕಂತಲೇ ನನ್ನೆದುರು ಕೊಡ ತುಂಬಿ, ಬೊಗಸೆಯಲ್ಲಿ ಕುಡಿದು ಒಳಗೆ ಹೋಗುತ್ತಿದ್ದಳು. ನನಗೋ ಸಿಟ್ಟು, ಸಂಕಟ ಎರಡೂ.

ಓಣಿಯವರು ಅರ್ಜಿಯ ಮೇಲೆ ಅರ್ಜಿ ಕೊಟ್ಟ ಮೇಲೆ ಒಬ್ಬ ಅಧಿಕಾರಿ ಬಂದರು. ಹೊಳೆಯ ನೀರು ನೋಡುವುದಷ್ಟೇ ತಮ್ಮ ಕೆಲಸ, ಬಾವಿಗೆ ಬೇರೆ ಕಚೇರಿಯನ್ನೇ ಕೇಳಬೇಕು ಎಂದರು. ಆ ಕಚೇರಿಯವರು ಹೊಳೆಯವರನ್ನು ಕೇಳಿ ಎಂದು ಆಗಲೇ ನಮ್ಮನ್ನು ಅಟ್ಟಿದ್ದರು. ನಾವು ಗದ್ದಲ ಮಾಡಿದಾಗ ಈ ಅಧಿಕಾರಿ ಬೇಸರದಿಂದ, "ನೋಡ್ರಿ, ಹೊಳೆ ಬೇರೆ, ಬಾವಿ ಬೇರೆ," ಎಂದರು.

ಕಟ್ಟೆಗೆ ಒರಗಿ ನಿಂತಿದ್ದ ಆಯಿ ಮುಂದೆ ಬಂದಳು.

"ಸಾಹೇಬ್ರ, ಆ ಮಾತು ನಂದು ಐತ್ರಿ. ನನಗ ತಿಳೀಲಾರದ ಆಡಿದ್ದೆ. ನೀವು ತಿಳಿದೂ ಯಾಕ ಆಡಾಕತ್ತೀರಿ?"

ವರದಿ ಕಳಿಸುತ್ತೇವೆ ಎಂದು ಅವರು ಜೀಪು ಹತ್ತಿದರು. ವರದಿ ಎಲ್ಲಿಗೆ ಹೋಯಿತೋ...

ಮರುದಿನ ಆಯಿ ತಾನೇ ಹಗ್ಗ ಬಿಚ್ಚಿದಳು, ರಾಟೆಯ ಗಾಲಿ ಇಳಿಸಿದಳು, ಬಾವಿಯ ಬಾಯಿಗೆ ಜಾಲಿಮುಳ್ಳು ಒಟ್ಟಿದಳು. ಆಮೇಲೆ ನನ್ನ ಮನೆಗೆ ಬಂದು, "ನಿಮ್ಮ ಕ್ಯಾನಿನ್ಯಾಗಿಂದು ಒಂದು ತಂಬಿಗಿ ನೀರು ಕೊಡಬೇ," ಎಂದಳು. ಊರಿಗೆಲ್ಲ ನೀರು ಕೊಟ್ಟವಳು ತಂಬಿಗೆ ಚಾಚಿ ನಿಂತದ್ದನ್ನು ನೋಡಲಾಗಲಿಲ್ಲ. ಗೆದ್ದೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಆಯಿ ತೀರಿಕೊಂಡಾಗ ಕೊನೆಯದಾಗಿ ಬಾಯಿಗೆ ಬಿಟ್ಟದ್ದೂ ಕ್ಯಾನಿನ ನೀರೇ.

ನಾವೀಗ ಅಥಣಿಯಲ್ಲಿದ್ದೇವೆ. ಮೊನ್ನೆ ಊರಿಗೆ ಹೋದಾಗ ಬಾಟಲಿ ಕಟ್ಟಿಕೊಂಡೇ ಹೋಗಿದ್ದೆ. ಓಣಿಗೆ ಬಂದವರೆಲ್ಲ ಈಗ ಹಾಗೇ ಬರುತ್ತಾರೆ. ಯಾರೂ ಯಾರ ಮನೆಯಲ್ಲೂ ನೀರು ಕೇಳುವುದಿಲ್ಲ. ಆಯಿ ಇದ್ದಿದ್ದರೆ ಆ ಬಾಟಲಿ ನೋಡಿ ಜಗಳ ತೆಗೆಯುತ್ತಿದ್ದಳು. ಆಕೆಯ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದೆ. ಯಾರೂ ಬೈಯಲಿಲ್ಲ.