ಕೈ ಎತ್ತಿದ ರೌಡಿ

ಇಪ್ಪತ್ತೆರಡು ವರ್ಷ ಅಂಗಿಗಳ ಹೊಲಿಗೆ ಪರೀಕ್ಷಿಸಿದ ಕಾರ್ಖಾನೆಗೆ ಬೀಗ ಬಿದ್ದಾಗ ಚಿಕ್ಕಮ್ಮನಿಗೆ ಐವತ್ತೊಂದು. ಬಿಟ್ಟುಹೋದ ಒಂದೇ ಒಂದು ಹೊಲಿಗೆಯನ್ನು ಮಾರು ದೂರದಿಂದ ಹಿಡಿಯುವ ಕಣ್ಣು ಆಕೆಯದು. ಆ ಕಣ್ಣನ್ನು ನಂಬಿಕೊಂಡೇ ಅಕ್ಕನ ಮಗಳು ತಾನು ಚಿತ್ರ ಬರೆಯುತ್ತಿದ್ದ ವಿಡಿಯೋ ಗೇಮ್ ಕಂಪನಿಗೆ ಆಕೆಯನ್ನು ಕರೆದುಕೊಂಡು ಹೋದಳು.

"ಅಲ್ಲಿ ನಾನೇನೇ ಮಾಡೋದು?"

"ಆಟ ಆಡೋದು, ತಪ್ಪು ಹುಡುಕೋದು, ಬರೆದು ಕೊಡೋದು. ಅಷ್ಟೇ ಚಿಕ್ಕಮ್ಮ."

ಅವಳ ಬಾಯಿಂದ ಕೇಳಿ ಇಡೀ ಆಫೀಸೇ ಚಿಕ್ಕಮ್ಮ ಅನ್ನತೊಡಗಿತು.

ಆಟವೋ, ಬರೀ ರಕ್ತಪಾತ. ಬಂದರು ಯಾರ ಕೈಗೆ ಸೇರಬೇಕೆಂದು ಎರಡು ರೌಡಿ ಗುಂಪುಗಳು ಹೊಡೆದಾಡುತ್ತವೆ. ಪರದೆಯ ಅಡಿಯಲ್ಲಿ ಬಂದೂಕು ಹಿಡಿದ ಎರಡು ಕೈ ಕಾಣುತ್ತವೆ. ಅವು ಆಡುವವರ ಕೈ. ಮೊದಲ ವಾರ ಚಿಕ್ಕಮ್ಮನಿಗೆ ತಲೆಸುತ್ತು. ಹಾರಿಸಿದ ಗುಂಡೆಲ್ಲ ಚಾವಣಿಗೇ. ಮೂರು ತಿಂಗಳಲ್ಲಿ ಕೈ ಪಳಗಿತು. ಹೆಣ ಬಿದ್ದರೂ ನೆರಳು ನಿಂತೇ ಇದ್ದದ್ದು, ಗುಂಡು ತಗಲುವ ಮೊದಲೇ ಗಾಜು ಒಡೆದದ್ದು, ಒಬ್ಬನ ಕೋಟಿನ ಗುಂಡಿ ಬಲದಿಂದ ಎಡಕ್ಕೆ ಹೋದದ್ದು, ಯಾವುದೂ ಆಕೆಯ ಕಣ್ಣು ತಪ್ಪಲಿಲ್ಲ. ಸಂಜೆ ಮನೆಯಲ್ಲಿ ಗಂಡ ಕೇಳುತ್ತಿದ್ದ, "ಇವತ್ತು ಎಷ್ಟು ಹೆಣ ಬಿತ್ತೇ?"

"ಮುನ್ನೂರ ಹತ್ತು. ಕೈ ತೊಳ್ಕೊಂಡು ಊಟಕ್ಕೆ ಬನ್ನಿ."

ಆಕೆ ತಡವರಿಸಿದ್ದು ಆರನೇ ಲೆವೆಲ್‌ನಲ್ಲಿ. ಗೋದಾಮಿನ ಮೂಲೆಯಲ್ಲಿ ಒಬ್ಬ ರೌಡಿ ಬಂದೂಕು ಬಿಸಾಡಿ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದ. ಸುಮ್ಮನೆ ಬಿಟ್ಟು ಮುಂದೆ ಹೋದರೆ ಬಾಗಿಲು ತೆರೆಯದು. ಕೊಂದರೆ ತಾನಾಗಿ ತೆರೆಯುತ್ತದೆ. ಚಿಕ್ಕಮ್ಮ ಕೊಲ್ಲಲಿಲ್ಲ. 'ಗೋದಾಮಿನ ಮೂಲೆಯವನನ್ನು ಕೊಲ್ಲದೆ ದಾರಿಯಿಲ್ಲ, ಇದು ತಪ್ಪು' ಎಂದು ಬರೆದು ಕಳಿಸಿದಳು. ಹಾಳೆ ತಿರುಗಿ ಬಂತು: 'ತಪ್ಪಲ್ಲ.' ಮತ್ತೆ ಕಳಿಸಿದಳು, ಮತ್ತೆ ಬಂತು. ಹೀಗೇ ಎರಡು ವಾರ. ಕೊನೆಗೆ ಆ ಲೆವೆಲ್ ಬರೆದ ಪ್ರೋಗ್ರಾಮರ್, ಎಲ್ಲರೂ ಗಡ್ಡ ಎಂದು ಕರೆಯುವವನು, ತಾನೇ ಎದ್ದು ಬಂದ.

"ಚಿಕ್ಕಮ್ಮ, ದಿನಾ ಮುನ್ನೂರು ಜನಾನ ಹೊಡೀತೀರಾ. ಇವನೊಬ್ಬನ ಮೇಲೆ ಯಾಕೆ ಇಷ್ಟು ಕನಿಕರ?"

"ಅವರೆಲ್ಲ ನನ್ನ ಮೇಲೆ ಗುಂಡು ಹಾರಿಸ್ತಾರಪ್ಪ. ಇವನು ಪಾಪ, ಕೈ ಎತ್ಕೊಂಡು ನಿಂತಿದಾನೆ."

"ಕೈ ಎತ್ತೋದಾ? ನಾನು ಹಾಗೆ ಬರೆದೇ ಇಲ್ವಲ್ಲ!"

ಕುರ್ಚಿ ಎಳೆದು ಕೂತವನು ಅರ್ಧ ಗಂಟೆ ಕೆದಕಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ರೌಡಿ ಶರಣಾಗುತ್ತಿರಲಿಲ್ಲ. ತಲೆಯ ಮೇಲೆ ಬಾಂಬ್ ಎತ್ತಿ ಎಸೆಯಬೇಕಿತ್ತು. ಬಾಂಬಿನ ಚಿತ್ರ ಮಾತ್ರ ಯಾವುದೋ ಫೈಲಿನಲ್ಲಿ ಸಿಕ್ಕಿಕೊಂಡು ಪರದೆಗೆ ಬಂದಿರಲಿಲ್ಲ, ಕೈಯೂ ಮೇಲೇ ನಿಂತುಬಿಟ್ಟಿತ್ತು.

"ಎರಡು ವಾರದಿಂದ ನನ್ನ ಜೀವ ತೆಗೆಯೋಕೆ ನೋಡ್ತಿದ್ದನಾ ಇವನು!" ಚಿಕ್ಕಮ್ಮನ ಮುಖ ಕೆಂಪಾಯಿತು. ಆದರೆ ಸರಿಪಡಿಸಿದ ಮೇಲೂ, ಆ ಕೈ ಮೇಲೇರಿದೊಡನೆ ಆಕೆಯ ಬೆರಳು ನಿಂತುಬಿಡುತ್ತಿತ್ತು. ಐದು ಸಲ ಬಾಂಬಿಗೆ ಸತ್ತಳು. ಆರನೇ ಸಲ ಹಲ್ಲು ಕಚ್ಚಿ ಹೊಡೆದಳು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಗಡ್ಡ ನಗಲಿಲ್ಲ. ಮರುವಾರ ಏಳನೇ ಲೆವೆಲ್‌ನ ಅಡುಗೆಮನೆಯಲ್ಲಿ ರೌಡಿಗಳ ಅಡುಗೆಯವನೊಬ್ಬ ಬಂದು ನಿಂತ. ಅವನು ಕೈ ಎತ್ತುವುದು ನಿಜಕ್ಕೂ ಶರಣಾಗಲು. ಬಿಟ್ಟರೆ ತನ್ನ ಪಾಡಿಗೆ ಹಿತ್ತಿಲ ಬಾಗಿಲಿನಿಂದ ಹೊರಟುಹೋಗುತ್ತಾನೆ.

ಹೊರಗಿನ ಒಂಬತ್ತು ಜನರನ್ನು ಕರೆಸಿ ಆಡಿಸಿದರು. ಚಿಕ್ಕಮ್ಮ ಅವರ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತಳು. ಅಡುಗೆಯವನನ್ನು ನಾಲ್ಕು ಜನ ಬಿಟ್ಟರು, ಐದು ಜನ ಕೊಂದರು.

"ನಾಲ್ಕೇ?" ಎಂದಳು ಚಿಕ್ಕಮ್ಮ.

"ನಾನು ಒಬ್ಬರೂ ಬಿಡಲ್ಲ ಅಂದ್ಕೊಂಡಿದ್ದೆ," ಎಂದ ಗಡ್ಡ.

ಆಕೆ ಕನ್ನಡಕ ಒರೆಸಿಕೊಂಡು ತನ್ನ ಜಾಗಕ್ಕೆ ಹೋಗಿ ಎಂಟನೇ ಲೆವೆಲ್ ತೆರೆದಳು.